ಬೇರೆಯವರ ಪಾಲಾದ ಫ್ಲ್ಯಾಟನ್ನು ಉಜ್ಜುವ ರೊಸಲಿನ್

ಬೆಳಗಿನ ಐದೂವರೆ. ದುಬೈ ಸಿಲಿಕಾನ್ ಓಯಸಿಸ್‌ನ ಕಟ್ಟಡವೊಂದರ ಐದನೇ ಮಹಡಿಯಲ್ಲಿ ರೊಸಲಿನ್ ಖಾಲಿ ಫ್ಲ್ಯಾಟಿನ ಬಾಗಿಲು ತೆರೆದು, ಚಪ್ಪಲಿ ಹೊರಗೆ ಬಿಟ್ಟು, ನೇರ ಬಚ್ಚಲಿಗೆ ಹೋಗುತ್ತಾರೆ. ನೀರು ಹೋಗುವ ಕಿಂಡಿಗೆ ಎರಡು ಚೊಂಬು ನೀರು ಹೊಯ್ಯುತ್ತಾರೆ. ಮುಚ್ಚಿದ ಮನೆಯಲ್ಲಿ ಕೊಳವೆಯ ನೀರು ಆರಿತೆಂದರೆ ವಾಸನೆ, ಜಿರಳೆ ಎರಡೂ ಮೇಲೆ ಬರುತ್ತವೆ. ಆಮೇಲೆ ಎ.ಸಿ. ಹಾಕಿ, ಕಿಟಕಿಯ ಮರಳು ಒರೆಸಿ, ಅಡುಗೆಕಟ್ಟೆ ಉಜ್ಜುತ್ತಾರೆ. ದಿನಕ್ಕೆ ಇಂಥ ಹನ್ನೊಂದು ಫ್ಲ್ಯಾಟು. ಐನೂರ ಒಂಬತ್ತನೇ ನಂಬರಿನ ಇದಕ್ಕೆ ಮಾತ್ರ ಹೆಚ್ಚು ಹೊತ್ತು ಕೊಡುತ್ತಾರೆ. ಇದು ಅವರದಾಗಬೇಕಿತ್ತು.

ಇದು ೨೦೧೧. ಮನೆಗಳ ಬೆಲೆ ಬಿದ್ದ ಮೇಲೆ ಕಂತು ಕಟ್ಟಲಾಗದ ಮಾಲೀಕರು ಬ್ಯಾಂಕನ್ನು ಒಪ್ಪಿಸಿ, ಬಾಕಿ ಸಾಲಕ್ಕಿಂತ ಕಡಿಮೆಗೆ ಮನೆ ಮಾರುತ್ತಿದ್ದಾರೆ. ಇದಕ್ಕೆ ಶಾರ್ಟ್ ಸೇಲ್ ಎನ್ನುತ್ತಾರೆ. ಬ್ಯಾಂಕು ಹೂಂ ಎನ್ನುವಷ್ಟರಲ್ಲಿ ಕೊಳ್ಳುವವರ ಜೀವ ಅರ್ಧವಾಗಿರುತ್ತದೆ. ನಾನೂ ಏಳು ತಿಂಗಳು ಕಾದು ಕೈಬಿಟ್ಟವನೇ. ಮನೆ ಸಿಕ್ಕವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಮುಚ್ಚಿಟ್ಟು ಏನು ಪ್ರಯೋಜನ? ಹೀಗೆ ಕಾಯುತ್ತಾ ಬಿದ್ದಿರುವ ಫ್ಲ್ಯಾಟುಗಳು ಕೆಡದಂತೆ ನೋಡಿಕೊಳ್ಳುವುದೇ ಬ್ರೋಕರ್ ಕಂಪನಿಯಲ್ಲಿ ರೊಸಲಿನ್ ಕೆಲಸ.

ನಮ್ಮ ಕರಾವಳಿಯ ಶಿರ್ವದ ಈ ಹೆಂಗಸು ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಗಂಡ ಎಡ್ವರ್ಡ್ ಶಾಲಾ ಬಸ್ ಓಡಿಸುತ್ತಾರೆ. ಅಲ್ ನಹ್ದಾ ಬಡಾವಣೆಯಲ್ಲಿ ಮೂರು ಸಂಸಾರ ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆ ಇವರದು.

"ಒಲೆ ನಂಗೆ ಸಿಗುದು ರಾತ್ರಿ ಎಂಟರಿಂದ ಎಂಟೂಮುಕ್ಕಾಲು. ಮೀನು ಹುರಿದ್ರೆ ಪಕ್ಕದ ರೂಮಿನವರ ಮುಖ ನೋಡ್ಬೇಕು. ದಿನಾ ಬೇರೆಯವರ ಅಡುಗೆಮನೆ ಉಜ್ಜುವಾಗ ಹೊಟ್ಟೆ ಉರೀತದೆ ಮಾರಾಯ್ರೆ" ಎನ್ನುತ್ತಾರೆ, ನಗದೆ.

ಉಳಿತಾಯದ ಜೊತೆ ಊರಿನ ಹತ್ತು ಸೆಂಟ್ಸ್ ಜಾಗ ಮಾರಿದ ಹಣ ಸೇರಿಸಿ ಐನೂರ ಒಂಬತ್ತಕ್ಕೆ ಆಫರ್ ಕೊಟ್ಟರು. ಮಾಲೀಕ ಒಪ್ಪಿದ. ಬ್ಯಾಂಕು ಒಂಬತ್ತು ತಿಂಗಳು ಆಟ ಆಡಿಸಿತು. ಸ್ಯಾಲರಿ ಸರ್ಟಿಫಿಕೇಟ್ ಹಳತಾಯಿತೆಂದು ನಾಲ್ಕು ಸಲ ಹೊಸದು ಕೇಳಿತು. ಫೈಲ್ ನೋಡುವ ಅಧಿಕಾರಿ ಎರಡು ಸಲ ಬದಲಾದರು.

"'ನೆಕ್ಸ್ಟ್ ವೀಕ್ ಮೇಡಂ' ಅಂತ ಹೇಳುದು. ಯಾವ ವರ್ಷದ ವೀಕ್ ಅಂತ ಹೇಳುದಿಲ್ಲ."

ಕೊನೆಗೂ ಬ್ಯಾಂಕಿನ ಕಡೆಯಿಂದ ಬೆಲೆ ಕಟ್ಟುವವರು ಬರುವ ದಿನ ಗೊತ್ತಾಯಿತು. ಆ ದಿನ ಮನೆ ದರಿದ್ರವಾಗಿ ಕಂಡಷ್ಟೂ ಕೊಳ್ಳುವವರಿಗೆ ಲಾಭ. ಬೆಲೆ ಇಳಿದರೆ ಬ್ಯಾಂಕು ಕಡಿಮೆ ಆಫರಿಗೆ ಒಪ್ಪುತ್ತದೆ. "ಎರಡು ವಾರ ಆ ಕಡೆ ತಲೆ ಹಾಕ್ಬೇಡ" ಎಂದು ಎಡ್ವರ್ಡ್ ಹೇಳಿದ್ದರು. ರೊಸಲಿನ್ ಹದಿಮೂರು ದಿನ ತಡೆದುಕೊಂಡರು. ಹದಿನಾಲ್ಕನೆಯ ದಿನ, ಅವರು ಬರುವ ಹಿಂದಿನ ದಿನ, ಹೋಗಿ ಗೋಡೆಯ ಬೂಷ್ಟೂ ಬಿಡದೆ ಉಜ್ಜಿ ಬಂದರು.

"ದೊಡ್ಡವರು ನೋಡ್ಲಿಕ್ಕೆ ಬರ್ತಾರೆ. ಮನೆ ನಂದು. ಗಲೀಜು ತೋರಿಸ್ಲಿಕ್ಕೆ ಆಗ್ತದಾ?"

ಬೆಲೆ ಇವರ ಆಫರಿಗಿಂತ ನಲವತ್ತು ಸಾವಿರ ದಿರ್ಹಂ ಮೇಲೇರಿತು. ಅಷ್ಟು ಇವರ ಬಳಿ ಇರಲಿಲ್ಲ. ಖಲಾಸ್. ಎಡ್ವರ್ಡ್ ಒಂದು ವಾರ ಮಾತು ಬಿಟ್ಟರು. ಇದೇ ಊರಿನ ಬನಿಯಾಸ್ ಪೇಟೆಯಲ್ಲಿ ಅಂಗಡಿ ಇಟ್ಟಿರುವ, ನಮ್ಮ ಕರಾವಳಿಯದೇ ದಂಪತಿ ಫ್ಲ್ಯಾಟನ್ನು ಕೊಂಡಿದ್ದಾರೆ. ಅವರಿಗೆ ನಾಳೆ ಕೀಲಿ ಕೊಡಬೇಕು. ಮೊನ್ನೆ ನೋಡಲು ಬಂದಾಗ ಆ ಹೆಂಡತಿ ಅಡುಗೆಕಟ್ಟೆಯ ಮೇಲೆ ಬೆರಳಾಡಿಸಿ "ಪರವಾಗಿಲ್ಲ" ಎಂದರಂತೆ.

"ಪರವಾಗಿಲ್ಲ ಅಂತೆ! ಅವಳ ಬೆರಳಿಗೆ ಒಂದು ಚೂರು ಧೂಳು ಹತ್ತಲಿಲ್ಲ, ನಾನು ನೋಡಿದ್ದೇನೆ."

ಬೇರೆಯವರ ಮನೆಗೆ ಕೊನೆಯ ದಿನವೂ ಯಾಕಿಷ್ಟು ಉಜ್ಜುತ್ತೀರಿ ಎಂದು ಕೇಳುತ್ತೇನೆ. ನಾನಾಗಿದ್ದರೆ ಸುಮ್ಮನೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದೆ. ರೊಸಲಿನ್ ಒರೆಸುವ ಬಟ್ಟೆ ಹಿಂಡಿ ಸಿಂಕಿನ ಅಂಚಿಗೆ ಹಾಕುತ್ತಾರೆ.

"ಇಷ್ಟು ತಿಂಗಳಲ್ಲಿ ನಾನು ಈ ಮನೆಯಲ್ಲಿ ಒಂದು ದಿನ ಕೂತದ್ದಿಲ್ಲ. ಇದನ್ನು ನೋಡಿ ಅವರು ಒಮ್ಮೆ ಕರೆದು 'ಕೂತ್ಕೊಳ್ಳಿ' ಅಂದ್ರೆ ಸಾಕು. ಟೀ ಬೇಡ. ಸಿಂಕ್ ಹೇಗೆ ಇಟ್ಕೊಂಡಿದ್ದಾರೆ ಅಂತ ನೋಡ್ಬೇಕು. ನನ್ನಷ್ಟು ಚಂದ ಇಟ್ಕೊಂಡಿರ್ಲಿಕ್ಕಿಲ್ಲ."