ಮಡಿಲಲ್ಲಿದ್ದ ಪೆಟ್ಟಿಗೆ

ಕಾರಣ ಹೇಳಲಾಗದ್ದನ್ನು ಕಂಡೆವೆಂದು ಬರೆಯುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಒಂದೋ ಕಣ್ಣಿನ ಭ್ರಮೆ, ಇಲ್ಲವೇ ಸುಳ್ಳು ಎಂದು ಪುಟ ಮಗುಚುತ್ತಿದ್ದೆ. ಈಗ ಅಂಥದ್ದೇ ಒಂದನ್ನು ನಾನೇ ಬರೆಯಬೇಕಾಗಿದೆ. ನಂಬಿ ಎಂದು ಕೇಳುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಂಪ್ಯೂಟರ್ ತರಬೇತಿಯನ್ನೂ ಪಡೆದು, ಕಡಬದ ಬಳಿ ರಬ್ಬರ್ ಬೆಳೆಗಾರರ ಒಂದು ಸೊಸೈಟಿಗೆ ಸೇರಿದ್ದೆ. ಅಲ್ಲಿಗೆ ಹೊಸದಾಗಿ ಒಂದು ಕಂಪ್ಯೂಟರ್ ಬಂದಿತ್ತು. ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ ಕುಂಕುಮ ಹಚ್ಚಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಮುಟ್ಟುತ್ತಿದ್ದವಳು ನಾನೊಬ್ಬಳೇ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ಜಾಗದಲ್ಲಿ ತಂಗಿಯ ಮಗನನ್ನು ಕೂರಿಸುವ ಆಸೆ ಸೆಕ್ರೆಟರಿಯವರಿಗಿತ್ತು. ಅದನ್ನವರು ಮುಚ್ಚಿಡುತ್ತಲೂ ಇರಲಿಲ್ಲ.

ನನ್ನನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ನಿರ್ದೇಶಕರು ತೀರ್ಮಾನಿಸಬೇಕಾಗಿದ್ದ ದಿನವೇ ಬೆಳಿಗ್ಗೆ ಯಂತ್ರ ಏಳಲಿಲ್ಲ. ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ.

"ಎಂತ ಮಾರಾಯ್ತಿ, ಹಾಳು ಮಾಡಿದ್ರಾ?" ಎಂದರು ಸೆಕ್ರೆಟರಿ. "ಜೀಪಾದ್ರೆ ಎಲ್ಲ ಸೇರಿ ತಳ್ಳಬಹುದಿತ್ತು. ಇದನ್ನು ಎಂತ ಮಾಡುದು?"

ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ನಾನು ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿದೆ, ಉರಿಯಿತು. ವಯರು ಬದಲಿಸಿದೆ. ಕೊನೆಗೆ ಯಂತ್ರದ ಮೇಲಿನ ತಗಡು ಬಿಚ್ಚಿ ಮೀಟರ್ ಹಿಡಿದೆ. ದೋಷ ಪವರ್ ಸಪ್ಲೈಯಲ್ಲಿತ್ತು. ಗೋಡೆಯ ಕರೆಂಟು ಮೊದಲು ಬರುವುದು ತಗಡಿನ ಈ ಪೆಟ್ಟಿಗೆಗೆ. ಯಂತ್ರದ ಉಳಿದ ಭಾಗಗಳಿಗೂ ಪರದೆಗೂ ಅಲ್ಲಿಂದಲೇ ಹೋಗಬೇಕು. ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ.

"ಪೆಟ್ಟಿಗೆ ಸುಟ್ಟಿದೆ. ಮಂಗಳೂರಿಗೆ ರಿಪೇರಿಗೆ ಕಳಿಸಬೇಕು. ನನ್ನ ತಪ್ಪಿನಿಂದ ಆದದ್ದಲ್ಲ" ಎಂದೆ.

"ಹಾಳು ಮಾಡಿದವರು ಹಾಗೇ ಹೇಳುದು" ಎಂದು ಅವರು ಹೊರಟುಹೋದರು.

ಅಟೆಂಡರ್ ಬಾಬಣ್ಣ ಹತ್ತಿರ ಬಂದು, "ಹೆದರ್ಬೇಡಿ ಅಕ್ಕಾ, ನಾನು ಅಜ್ಜನಿಗೆ ಚಕ್ಕುಲಿ ಹೇಳಿದ್ದೇನೆ" ಎಂದರು. ತಪ್ಪಿಸಿಕೊಂಡ ದನಕ್ಕೂ ಕೆಟ್ಟು ನಿಂತ ಪಂಪಿಗೂ ಅಜ್ಜ ಎಂದು ಕರೆಯುವ ದೈವಕ್ಕೆ ಚಕ್ಕುಲಿಯ ಹರಕೆ ಹೇಳುವುದು ನಮ್ಮ ಕಡೆ ರೂಢಿ.

"ಅಜ್ಜನಿಗೆ ಎಲೆಕ್ಟ್ರಾನಿಕ್ಸ್ ಗೊತ್ತುಂಟಾ?" ಎಂದು ಸಿಡುಕಿದೆ.

"ಚಕ್ಕುಲಿ ತಿನ್ಲಿಕ್ಕೆ ಅದೆಲ್ಲ ಎಂತಕ್ಕೆ ಅಕ್ಕಾ?"

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ನಾನು ಸ್ಕ್ರೂ ಬಿಚ್ಚಿ, ವಯರುಗಳನ್ನೆಲ್ಲ ಕಳಚಿ ಪೆಟ್ಟಿಗೆಯನ್ನು ಹೊರತೆಗೆದೆ. ಮಂಗಳೂರಿನ ಬಸ್ಸಿಗೆ ಕೊಡಲೆಂದು ಮಡಿಲಲ್ಲಿಟ್ಟುಕೊಂಡು ಪೇಪರ್ ಸುತ್ತುತ್ತಿದ್ದಾಗ ಯಂತ್ರ ಒಮ್ಮೆ ಪೀಪ್ ಎಂದಿತು. ತಲೆಯೆತ್ತಿದೆ. ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲಾಗಿ ಮೂಡುತ್ತಿದ್ದವು. ಪರದೆಗೆ ಕರೆಂಟು ಒಯ್ಯುವ ವಯರಿನ ತುದಿ ಮೇಜಿನಿಂದ ಕೆಳಗೆ ನೇತಾಡುತ್ತಿತ್ತು. ಫ್ಯಾನಿನ ಸದ್ದು ಮಾತ್ರ ಇರಲಿಲ್ಲ; ಫ್ಯಾನು ನನ್ನ ಮಡಿಲಿನ ಪೆಟ್ಟಿಗೆಯೊಳಗಿತ್ತು. ಒಂದು ಅಕ್ಷರ ಒತ್ತಿದೆ. ಮೂಡಿತು.

ಹೆದರಿಕೆಯಾಗುವ ಮೊದಲೇ ಸೆಕ್ರೆಟರಿ ನಿರ್ದೇಶಕರನ್ನು ಕರೆದುಕೊಂಡು ಒಳಗೆ ಬಂದರು.

"ನಡೀತಾ ಉಂಟಲ್ಲ! ಸುಟ್ಟಿದೆ ಅಂತ ಹೇಳಿದ್ದು ಯಾರು?"

ನಾನು ಪೆಟ್ಟಿಗೆಯನ್ನು ಎತ್ತಿ ತೋರಿಸಿದೆ. "ಸರ್, ಇದಿಲ್ಲದೆ ಅದು ನಡೆಯಲು ಸಾಧ್ಯವೇ ಇಲ್ಲ. ದಯವಿಟ್ಟು ನೋಡಿ."

"ಇಲ್ಲದೆಯೇ ನಡೀತಾ ಉಂಟಲ್ಲ ಮಾರಾಯ್ತಿ. ಹಾಗಾದ್ರೆ ಅದು ಬೇಡದ ಸಾಮಾನು!"

ನಿರ್ದೇಶಕರೆಲ್ಲ ನಕ್ಕರು. ಕೋಣೆ ತುಂಬ ಜನರಿದ್ದರು, ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಆದರೂ ಆಗಬಾರದ್ದು ಆಗುತ್ತಿದೆ ಎಂದು ಕಂಡದ್ದು ನನಗೊಬ್ಬಳಿಗೇ. ಅವರಿಗೆ ಅದು ಓಡುತ್ತಿರುವ ಒಂದು ಯಂತ್ರ, ಅಷ್ಟೆ. ಕೂಗಬೇಕೆನಿಸಿತು. ಕೂಗಿ ಹೇಳುವುದಾದರೂ ಏನನ್ನು? ಅವರು ಸಭೆಗೆ ಹೋಗಿ ಬಾಗಿಲು ಹಾಕಿಕೊಂಡ ಕೂಡಲೇ ಪರದೆ ಕಪ್ಪಾಯಿತು.

ಚೆನ್ನಾಗಿದ್ದ ಯಂತ್ರವನ್ನು ಕೆಟ್ಟಿದೆ ಎಂದವಳು ಬೇಡವೆಂದು ಸಭೆಯಲ್ಲಿ ತೀರ್ಮಾನವಾಯಿತು. ನನ್ನ ಕುರ್ಚಿಯಲ್ಲಿ ಸೆಕ್ರೆಟರಿಯವರ ತಂಗಿಯ ಮಗ ಕುಳಿತ.

ಕೆಲವು ತಿಂಗಳ ನಂತರ ಬಾಬಣ್ಣ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಪೆಟ್ಟಿಗೆ ಮಂಗಳೂರಿಗೆ ಹೋಗಿತ್ತಂತೆ, ಸುಟ್ಟೇಹೋಗಿದೆ ಎಂದು ಅಲ್ಲಿಯವರೂ ಹೇಳಿದರಂತೆ. ಆ ಮಾತನ್ನು ನನಗೆ ತಿಳಿಸಬೇಕೆಂದು ಸೊಸೈಟಿಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

"ಚಕ್ಕುಲಿ ಕೊಟ್ಟು ಬಂದೆ ಅಕ್ಕಾ. ಅಜ್ಜ ನಡೆಸಿಕೊಟ್ರಲ್ಲ" ಎಂದರು.

"ಯಾರಿಗೆ ನಡೆಸಿಕೊಟ್ಟದ್ದು ಬಾಬಣ್ಣ?" ಎಂದು ಕೇಳಿದೆ.

ಈಗ ನಾನು ಪುತ್ತೂರಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಯಾವುದಾದರೂ ಯಂತ್ರ ಏಳದಿದ್ದರೆ ಮೊದಲು ಅದರ ಪೆಟ್ಟಿಗೆ ಕಳಚಿ ಮಡಿಲಲ್ಲಿಟ್ಟುಕೊಂಡು, ಕಪ್ಪು ಪರದೆಯನ್ನು ಸ್ವಲ್ಪ ಹೊತ್ತು ನೋಡುತ್ತೇನೆ. "ಎಂತ ನೋಡುದು ಮೇಡಂ?" ಎಂದು ಹುಡುಗಿಯರು ಕೇಳುತ್ತಾರೆ. ಏನೂ ಇಲ್ಲ ಎನ್ನುತ್ತೇನೆ. ಇದುವರೆಗೆ ಒಂದೂ ಎದ್ದಿಲ್ಲ.