ನೂರ ಹದಿನೆಂಟು ಯೂನಿಟ್ಟು

ಮತ್ತಿಕೆರೆಯ ಹಳೇ ಬೀದಿಯ ಮುನಿಕೃಷ್ಣಮ್ಮನಿಗೆ ಈಗ ಎಪ್ಪತ್ತೊಂದು. ಅಕ್ಷರ ಕೂಡಿಸಿ ಓದುವುದು ನಿಧಾನ. ಅಂಕಿ ಮಾತ್ರ ಬಸ್ಸಿನ ನಂಬರು ನೋಡಿ ನೋಡಿ ಗಟ್ಟಿಯಾಗಿದೆ. ಕಳೆಯುವ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾಳೆ. ದಿನವೂ ಮಧ್ಯಾಹ್ನ ಎರಡಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಎದುರಿಗೆ ಫೋನು ಒರಗಿಸಿ, ವಿಡಿಯೋ ಕಾಲ್ ಹಚ್ಚಿಕೊಂಡು ಕೂರುತ್ತಾಳೆ. ಹೆಸರಘಟ್ಟದಲ್ಲಿ ಅವಳ ತಂಗಿ ಪಾಪಮ್ಮ ಅಂಥದ್ದೇ ಮನೆ ಬರೆದು ಕೂತಿರುತ್ತಾಳೆ. ಇಲ್ಲಿ ಕವಡೆ ಬಿದ್ದರೆ ಅಲ್ಲಿ ಪಾಪಮ್ಮ ಅಕ್ಕನ ಕಾಯಿಯನ್ನೂ ನಡೆಸಬೇಕು. ನಡೆಸುವಾಗ ಒಂದು ಮನೆ ಕಡಿಮೆ ನಡೆಸುವುದು ಅವಳ ಹಳೇ ಚಾಳಿ; ಅದನ್ನು ಹಿಡಿಯುವುದರಲ್ಲೇ ಅರ್ಧ ಆಟ ಮುಗಿಯುತ್ತದೆ. ಹೋಗಿ ಎದುರು ಕೂತು ಆಡೋಣವೆಂದರೆ ಬಸ್ಸೇನೋ ಹೆಂಗಸರಿಗೆ ಪುಕ್ಕಟೆ, ಮೆಟ್ಟಿಲು ಹತ್ತಲು ಇಬ್ಬರ ಮಂಡಿಯೂ ಒಪ್ಪುವುದಿಲ್ಲ.

ಏಪ್ರಿಲ್ ಮೊದಲಲ್ಲಿ ಮಗ ಮನೋಹರ್ ಮನೆ ಖರ್ಚಿನ ಚೀಟಿ ಹಿಡಿದು ಕೂತ. ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಅವನು ಗುಮಾಸ್ತ. ಗ್ಯಾಸು, ನೀರು, ಕರೆಂಟು, ಸ್ಕೂಟರಿನ ಪೆಟ್ರೋಲು ಎಂದು ಬೆರಳು ಮಡಿಸುತ್ತಾ ಬಂದವನು ವೈಫೈ ಹತ್ತಿರ ನಿಂತ. ಹಗಲೆಲ್ಲ ಮನೆಯಲ್ಲಿರುವವಳು ಅಮ್ಮ ಒಬ್ಬಳು, ಅದಕ್ಕೆ ತಿಂಗಳಿಗೆ ಐನೂರು ಯಾಕೆ, ತೆಗೆಸಿಬಿಡೋಣ ಎಂದ. ಅಮ್ಮನ ಫೋನಿಗೆ ಅವನು ಹಾಕಿಸುವುದು ಮಾತಾಡುವಷ್ಟು ಕರೆನ್ಸಿ ಮಾತ್ರ. ವೈಫೈ ಹೋದರೆ ಪಾಪಮ್ಮನ ದನಿ ಕೇಳೀತು, ಕವಡೆ ಕಾಣದು. ಕವಡೆ ಕಾಣದೆ ಪಾಪಮ್ಮನನ್ನು ನಂಬಿ ಆಡುವುದುಂಟೆ?

ಮುನಿಕೃಷ್ಣಮ್ಮ ಜಗಳಕ್ಕೆ ಹೋಗಲಿಲ್ಲ. ಕರೆಂಟಿಗೆ ಎಷ್ಟು ಕಟ್ಟಿದೆ ಎಂದು ಕೇಳಿದಳು. ಅವರ ಮನೆಗೆ ಪುಕ್ಕಟೆ ಇರುವುದು ನೂರ ಹದಿನೆಂಟು ಯೂನಿಟ್ಟು. ಮೇಲೆ ಉರಿಸಿದ್ದಕ್ಕೆ ದುಡ್ಡು. ಹೋದ ತಿಂಗಳ ಬಿಲ್ಲು ಇನ್ನೂರು ರೂಪಾಯಿ ಹತ್ತಿರ ಬಂದಿತ್ತು. ಅದನ್ನು ತಾನು ಉಳಿಸಿಕೊಡುತ್ತೇನೆ ಎಂದಳು.

"ಈ ತಿಂಗ್ಳು ಕರೆಂಟ್ ಬಿಲ್ ಸೊನ್ನೆ ಬಂದ್ರೆ ವೈಫೈ ಇರ್ಲಿ. ಒಂದು ರೂಪಾಯಿ ಬಂದ್ರೂ ತೆಗ್ಸ್ತೀನಿ, ಆಮೇಲೆ ಮುಖ ಊದಿಸ್ಕೋಬಾರ್ದು," ಎಂದ ಮನೋಹರ್, ಆಗಲೇ ಗೆದ್ದವನ ಹಾಗೆ.

"ಆಗ್ಲಪ್ಪ," ಎಂದಳು.

ಮೀಟರಿನ ಅಂಕಿಯನ್ನು ಬಾಗಿಲ ಹಿಂದೆ ಬರೆದಿಟ್ಟು, ಬೆಳಿಗ್ಗೆ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ ನೋಡಿ ಕಳೆದಳು. ಸೆಕೆಗಾಲದಲ್ಲಿ ಬಿಸಿನೀರು ಯಾರಿಗೆ ಎಂದು ಗೀಸರಿನ ಸ್ವಿಚ್ಚಿಗೆ ಪ್ಲಾಸ್ಟರ್ ಅಂಟಿಸಿದಳು. ಹತ್ತು ದಿನಕ್ಕೆ ನಲವತ್ತೆರಡು ಓಡಿತ್ತು. ಹೀಗೇ ನಡೆದರೆ ಎಂಟು ಯೂನಿಟ್ಟು ಹೆಚ್ಚಾಗುತ್ತದೆ.

ಗೋಡೆಯಾಚೆ ಸಬೀರಾಳ ಮನೆ. ತಾಯಿ ಮಗಳು ಇಬ್ಬರೇ; ಅವರ ಪಾಲಿನ ಯೂನಿಟ್ಟು ಪ್ರತಿ ತಿಂಗಳೂ ಮಿಕ್ಕುತ್ತದೆ. ಆದರೆ ವೈಫೈ ಇಲ್ಲ. ಮಗಳು ಲೈಬಾ ಕಾಲೇಜಿನ ಪಾಠ ಇಳಿಸಿಕೊಳ್ಳಲು ಗೆಳತಿಯ ಮನೆಗೆ ನಡೆಯುತ್ತಾಳೆ. ಮುನಿಕೃಷ್ಣಮ್ಮ ಗೋಡೆಗೆ ಮೊಣಕೈ ಊರಿ ಸಬೀರಾಳನ್ನು ಕರೆದಳು.

"ನಮ್ಮನೆ ವೈಫೈ ಗೋಡೆ ದಾಟ್ತದೆ. ನಿಮ್ಮನೆ ಕರೆಂಟ್ ದಾಟಲ್ಲ. ಅದಕ್ಕೇ ನಾನೇ ದಾಟ್ತೀನಿ."

ಸಬೀರಾ ನಕ್ಕಳು. "ಬನ್ನಿ ಅಮ್ಮಾ. ಮಗನಿಗೆ ಏನ್ ಹೇಳ್ತೀರಾ?"

"ಕೇಳಿದ್ರೆ ತಾನೆ ಹೇಳೋದು."

ಅಂದಿನಿಂದ ನೆನೆದ ಅಕ್ಕಿ ಉದ್ದು ಗೋಡೆ ದಾಟಿ ಹೋಗಿ ಹಿಟ್ಟಾಗಿ ಬಂತು. ಮನೋಹರನ ಅಂಗಿಗಳು ಮುದ್ದೆಯಾಗಿ ಹೋಗಿ ಇಸ್ತ್ರಿಯಾಗಿ ಬಂದವು. ಇಡ್ಲಿ ಈಚೆಗೆ ಮೆತ್ತಗಾಗಿದೆ ಎಂದು ಅವನು ಇನ್ನೆರಡು ಹಾಕಿಸಿಕೊಂಡ. ಯಾಕೆ ಎಂದು ಕೇಳಲಿಲ್ಲ.

ಮೂವತ್ತನೇ ದಿನ ಶನಿವಾರ, ನೂರ ಹದಿನಾಲ್ಕು. ಮೀಟರು ನೋಡುವವನು ಬರಬೇಕಿತ್ತು, ಬರಲಿಲ್ಲ. ಭಾನುವಾರ ಎಲ್ಲರೂ ಮನೆಯಲ್ಲಿ, ಎಲ್ಲ ಫ್ಯಾನೂ ತಿರುಗುತ್ತಿವೆ, ಟೀವಿಯಲ್ಲಿ ಕ್ರಿಕೆಟ್ಟು. ಹನ್ನೆರಡಕ್ಕೆ ನೋಡಿದರೆ ನೂರ ಹದಿನಾರು. ರಾತ್ರಿಗೆ ಎರಡಾದರೂ ಬೇಕು. ಮುನಿಕೃಷ್ಣಮ್ಮ ಹಾಲನ್ನೂ ಹಿಟ್ಟನ್ನೂ ಸಬೀರಾಳ ಫ್ರಿಜ್ಜಿಗೆ ಸಾಗಿಸಿ ಬಂದು, ಸದ್ದಾಗದಂತೆ ಮೇನ್ ಸ್ವಿಚ್ ಇಳಿಸಿದಳು.

ಮನೋಹರ್ ಬನಿಯನ್ನಿನಲ್ಲಿ ಹೊರಗೆ ಬಂದು ಕರೆಂಟಿನವರನ್ನು ಬೈದ. ಪಕ್ಕದ ಮನೆಯ ಮಿಕ್ಸಿ ಗರ್ ಎನ್ನುತ್ತಿತ್ತು. ಅವರಿಗೆ ಹೇಗಿದೆ ಎಂದು ಕೇಳಿದ್ದಕ್ಕೆ ಅಮ್ಮ, ಅವರ ಮೀಟರೇ ಬೇರೆಯಲ್ಲವೇ ಎಂದಳು. ಅದು ನಿಜವೇ ಆಗಿತ್ತು. ಸೊಸೆ ಬಿಂದುಶ್ರೀ ಮಾತ್ರ ಇಳಿದಿದ್ದ ಸ್ವಿಚ್ಚನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಅತ್ತೆಯ ಬೀಸಣಿಗೆಯ ಗಾಳಿ ಬರುವ ಕಡೆ ಬಂದು ಕೂತಳು.

ಎರಡು ಗಂಟೆಗೆ ಪಾಪಮ್ಮನ ಬರಿಯ ದನಿ ಬಂತು. "ಸೋಲ್ತೀನಿ ಅಂತ ಓಡೋದ್ಯೇನಕ್ಕಾ? ನನ್ ಕಾಯಿ ಹಣ್ಣಾಗಕ್ಕೆ ಒಂದೇ ಮನೆ ಐತೆ."

ಮೂರು ಮನೆ ಇತ್ತು. ಮುನಿಕೃಷ್ಣಮ್ಮ ತುಟಿ ಕಚ್ಚಿಕೊಂಡು ಸಹಿಸಿದಳು. ಸಂಜೆ ಆರೂವರೆಗೆ ಕರೆಂಟು 'ಬಂತು'.

ಸೋಮವಾರ ಬೆಳಿಗ್ಗೆ ಮೀಟರಿನವನು ಬಂದ. ನೂರ ಹದಿನೆಂಟು. ಅವನು ಹರಿದುಕೊಟ್ಟ ಚೀಟಿಯನ್ನು ಅವಳು ಮಗನ ಕೈಗಿಟ್ಟಳು.

"ಓದಪ್ಪ."

"ಸೊನ್ನೆ," ಎಂದ ಮನೋಹರ್.

"ಇನ್ನೊಂದ್ಸಲ ಓದು. ನಂಗೆಲ್ಲಿ ಓದಕ್ಕೆ ಬರ್ತದೆ."

ಅವನು ಇನ್ನೊಮ್ಮೆ ಓದಿ, ಇದು ಹೇಗಾಯಿತು ಎಂದು ಹೆಂಡತಿಯ ಕಡೆ ತಿರುಗಿದ. ಬಿಂದುಶ್ರೀಗೆ ನಗು ತಡೆಯಲಾಗಲಿಲ್ಲ; ಇಡ್ಲಿ, ಇಸ್ತ್ರಿ, ಮೇನ್ ಸ್ವಿಚ್ ಎಲ್ಲ ಹೇಳಿಬಿಟ್ಟಳು. ಮನೋಹರ್ ಚೀಟಿಯನ್ನು ಮಡಿಸಿ ಜೇಬಿಗಿಟ್ಟ.

"ವೈಫೈ ಇರ್ಲಿ ಕಣಮ್ಮ. ಇಷ್ಟೆಲ್ಲ ಲೆಕ್ಕ ಬರತ್ತೆ ಅಂದ್ರೆ ಪೆಟ್ರೋಲೂ ನೀನೇ ನೋಡ್ಕೊಂಡ್ಬಿಡು."

"ನೋಡ್ಕೋತೀನಿ," ಎಂದು ಮುನಿಕೃಷ್ಣಮ್ಮ ಕೈ ಚಾಚಿದಳು. "ಸ್ಕೂಟರ್ ಬೀಗದಕೈ ಇಲ್ಲಿ ಕೊಡು."

ಮನೋಹರ್ ಜೇಬನ್ನು ಅದುಮಿ ಹಿಡಿದುಕೊಂಡು ಮಂಡಿಗೆ ಹೊರಟ.