ಸತ್ವಾದಿಂದ ಮುಸಫ್ಫಾಕ್ಕೆ ಒಂದು ಡಬ್ಬ ದ್ವೀಪ

ದುಬೈನಲ್ಲಿ ಇಳಿದಾಗ ಬೆಳಗಿನ ಒಂಬತ್ತು ಗಂಟೆ. ಏರ್‌ಪೋರ್ಟಿನ ಗಾಜಿನ ಬಾಗಿಲು ತೆರೆದುಕೊಂಡದ್ದೇ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಬಡಿಯಿತು. "ಗುಡ್ ಹೆವೆನ್ಸ್!" ಅಂದೆ. ಅರವತ್ತೊಂಬತ್ತು ವರ್ಷಕ್ಕೆ ಇದು ನನ್ನ ಮೊದಲ ಫಾರಿನ್ ಟ್ರಿಪ್. ನಮ್ಮವರು ಇದ್ದಾಗ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದ್ದೆವು. ಅವು ಬೀರುವಿನಲ್ಲೇ ಎಕ್ಸ್‌ಪೈರ್ ಆದವು. ಆಮೇಲೆ ಅವರೂ ಹೋದರು. ಎರಡನೆಯ ಪಾಸ್‌ಪೋರ್ಟಿಗೆ ನಾನೊಬ್ಬಳೇ ಫೋಟೋ ತೆಗೆಸಿಕೊಂಡೆ.

ಕರೆದುಕೊಂಡು ಹೋಗಲು ಬಂದಿದ್ದವಳು ಚೇತನಾ, ನನ್ನ ತಂಗಿಯ ಮಗಳು. ಸತ್ವಾದಲ್ಲಿ ಟೈಲರ್ ಅಂಗಡಿಗಳ ಹಿಂದಿನ ಹಳೆಯ ವಿಲ್ಲಾ ಒಂದರಲ್ಲಿ ಅವಳ ವಾಸ. ವಿಲ್ಲಾ ಅಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಮೂರು ಸಂಸಾರ, ನಡುವೆ ಪ್ಲೈವುಡ್ ಗೋಡೆ. ಆ ಕಡೆಯವರು ಸೀನಿದರೆ ಈ ಕಡೆಯಿಂದ "ಬ್ಲೆಸ್ ಯೂ" ಅನ್ನಬಹುದು. ಅಂದೆ ಕೂಡ. ಆ ಕಡೆಯಿಂದ "ಥ್ಯಾಂಕ್ಯೂ ಆಂಟಿ" ಬಂತು.

ಚೇತನಾಳ ಕೆಲಸ ವಿಚಿತ್ರ. ದೂರದ ಉಷ್ಣವಲಯದ ದ್ವೀಪಗಳಲ್ಲಿ ಕಾಡು ಕಡಿದು ತಾಳೆ ತೋಟ ಮಾಡಿದರೆ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ ಎಂದು ಲೆಕ್ಕ ಹಾಕುವುದು. ಸ್ಕೂಲಿನಲ್ಲಿ ಜಿಯಾಗ್ರಫಿ ಸಿಸ್ಟರ್ ಆ ದ್ವೀಪಗಳ ನಕ್ಷೆ ಕೊಟ್ಟು ಬಣ್ಣ ತುಂಬಿಸಿದ್ದರು. ನನ್ನ ಹಸಿರು ಕ್ರೇಯಾನ್ ಅಲ್ಲೇ ಮುಗಿದುಹೋಗಿತ್ತು. ಈಗ ಅಷ್ಟು ಹಸಿರು ಬೇಕಾಗುವುದಿಲ್ಲವಂತೆ.

ಅಬುಧಾಬಿಯ ಮುಸಫ್ಫಾದಲ್ಲಿ ಭಟ್ಕಳದ ಮೊಹಿದ್ದೀನ್ ಸಾಹೇಬರ ಸಾಬೂನಿನ ಕಾರ್ಖಾನೆ. ಅಂಥ ಒಂದು ದ್ವೀಪದಲ್ಲಿ ಹೊಸದಾಗಿ ಕಾಡು ಸವರಲಿರುವ ಜೌಗು ನೆಲದ ತಾಳೆ ಎಣ್ಣೆಗೆ ಅವರು ಮುಂಗಡ ಒಪ್ಪಂದ ಮಾಡಿಕೊಳ್ಳುವವರಿದ್ದರು. ಹಳೆಯ ತೋಟದ ಎಣ್ಣೆಯೇ ಸಾಕು ಎಂದು ಅವರನ್ನು ಒಪ್ಪಿಸುವುದು ಚೇತನಾಳ ಹಟ. ನಲವತ್ತು ಪುಟದ ರಿಪೋರ್ಟ್ ಕಳಿಸಿದ್ದಳು. ಸಾಹೇಬರು ಫೋನ್ ಮಾಡಿ, "ಪೇಪರ್ ಬೇಡ ಮೇಡಂ, ಕಣ್ಣಿಗೆ ತೋರಿಸಿ. ಗುರುವಾರ ನಾನು ಸೈನ್ ಹಾಕುವುದು" ಎಂದಿದ್ದರು.

ನನಗೆ ಇಷ್ಟು ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ.

ನಾನು ಮೈಸೂರಿನಿಂದ ಒಂದು ಕರಿಬೇವಿನ ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ತಂದಿದ್ದೆ. ಹೆಣ್ಣುಮಗಳ ಮನೆಗೆ ಬರಿಗೈಯಲ್ಲಿ ಹೋಗುವುದೇ? ಬುಧವಾರ ಅವಳು ಆಫೀಸಿಗೆ ಹೋದ ಮೇಲೆ ನೆಡೋಣವೆಂದರೆ ಅಂಗಳದಲ್ಲಿ ಬರೀ ಮರಳು. ಆಗ ಅಡುಗೆಮನೆಯ ಓವನ್ ಪಕ್ಕ ಐಸ್‌ಕ್ರೀಮ್ ಡಬ್ಬದಲ್ಲಿ ಎಂಥಾ ಮಣ್ಣು ಕಂಡಿತು ಅಂತೀರಿ! ಕಾಫಿ ಪುಡಿಯ ಹಾಗೆ ಕಪ್ಪಗೆ, ಹಗುರವಾಗಿ. ಜಾಣೆ, ನನ್ನ ಸಸಿಗೆಂದೇ ತರಿಸಿಟ್ಟಿದ್ದಾಳೆ ಅಂದುಕೊಂಡೆ. ಹಾಲಿನ ಪುಡಿಯ ಡಬ್ಬಕ್ಕೆ ತುಂಬಿ ಸಸಿ ನೆಟ್ಟೆ. ನೀರು ಹಾಕಿದರೆ ಒಳಗೆ ಇಳಿಯದೆ ಮೇಲೆಯೇ ಮುತ್ತಿನ ಹಾಗೆ ನಿಂತಿತು. ನಾನು ಬಿಡುವವಳೇ? ಸಂಜೆಯವರೆಗೆ ಕೈಯಾಡಿಸುತ್ತಾ ಐದಾರು ಲೋಟ ಕುಡಿಸಿದೆ.

ಗುರುವಾರ ಬೆಳಿಗ್ಗೆ ಆರೂವರೆಗೆ ಚೇತನಾ ಕಿರುಚಿದಳು.

"ದೊಡ್ಡಮ್ಮಾ! ನನ್ನ ಸ್ಯಾಂಪಲ್ ಎಲ್ಲಿ?"

"ಯಾವ ಸ್ಯಾಂಪಲ್ಲೇ?"

"ಆ ದ್ವೀಪದ ಮಣ್ಣು! ಎರಡು ದಿನ ಓವನ್‌ನಲ್ಲಿ ಒಣಗಿಸಿದ್ದೆ! ಅವರ ಮುಂದೆ ಸುಟ್ಟು ತೋರಿಸಬೇಕಿತ್ತು!"

ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಅಲ್ಲಿ ನನ್ನ ಕರಿಬೇವು ನಾಲ್ಕು ಎಲೆ ಅರಳಿಸಿಕೊಂಡು ನಿಂತಿತ್ತು. ಚೇತನಾ ನೆಲದ ಮೇಲೆಯೇ ಕೂತಳು. ಆ ಕಡೆಯ ಪ್ಲೈವುಡ್ ಉಸಿರೆತ್ತಲಿಲ್ಲ.

ಐಸ್‌ಕ್ರೀಮ್ ಡಬ್ಬದ ತಳದಲ್ಲಿ ಒಂದು ಹಿಡಿ ಉಳಿದಿತ್ತು. ಅದನ್ನೂ ನನ್ನ ಸಸಿಯನ್ನೂ ಹೊತ್ತು ಹೊರಟೆವು. ಡ್ರೈವಿಂಗ್ ಟೆಸ್ಟ್‌ನಲ್ಲಿ ಚೇತನಾ ನಾಲ್ಕನೆಯ ಸಲವೂ ಫೇಲ್, ಹಾಗಾಗಿ ಬಸ್ಸೇ ಗತಿ. ಘುಬೈಬಾ ಸ್ಟೇಷನ್ನಿನಿಂದ ಅಬುಧಾಬಿಗೆ ತಲೆಗೆ ಹದಿನೈದು ದಿರ್ಹಂ, ಎರಡು ಗಂಟೆಯ ದಾರಿ. ಹೆಂಗಸರಿಗೆ ಮುಂದಿನ ಸೀಟು. ಪಠಾಣ್ ಡ್ರೈವರ್ ಸಸಿಯ ಡಬ್ಬ ನೋಡಿ, ಕೆಳಗೆ ಸಾಮಾನಿಡುವ ಕಡೆ ಕೈ ತೋರಿಸಿ, "ಪೌಧಾ ನೀಚೆ ರಖೋ, ಅಮ್ಮಾ. ಲಗೇಜ್" ಎಂದ.

"ಲಗೇಜ್ ನಹೀಂ. ಎವಿಡೆನ್ಸ್," ಎಂದೆ. ಅವನಿಗೆ ಏನು ತಿಳಿಯಿತೋ, ಸೆಲ್ಯೂಟ್ ಹೊಡೆದ.

ದಾರಿಯುದ್ದಕ್ಕೂ ಎರಡೂ ಕಡೆ ಮರಳು. ಅರ್ಧ ದಾರಿಯವರೆಗೆ ಮುಖ ಊದಿಸಿಕೊಂಡಿದ್ದ ಚೇತನಾ ಆಮೇಲೆ ಬಾಯಿ ಬಿಟ್ಟಳು. "ಇದು ಮಣ್ಣೇ ಅಲ್ಲ ದೊಡ್ಡಮ್ಮ. ಎಲೆ, ಬೇರು, ಕೊಂಬೆ ಸಾವಿರಾರು ವರ್ಷ ನೀರಿನಲ್ಲಿ ಮುಳುಗಿ, ಪೂರ್ತಿ ಕೊಳೆಯದೆ ಉಳಿದದ್ದು. ಕಾಡು ಕಡಿದು, ಕಾಲುವೆ ತೋಡಿ ನೀರು ಬಸಿದರೆ ಒಣಗುತ್ತೆ. ಒಣಗಿದ್ದೇ ತಡ, ಒಳಗಿನ ಇಂಗಾಲವೆಲ್ಲ ಗಾಳಿಗೆ. ಬೆಂಕಿ ಬಿದ್ದರೆ ನೆಲದೊಳಗೇ ತಿಂಗಳುಗಟ್ಟಲೆ ಹೊಗೆಯಾಡುತ್ತೆ. ನಾನು ಅಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದಿದ್ದೀನಿ. ಅದನ್ನ ಇವತ್ತು ಸೈನ್ ಹಾಕಿ ಒಣಗಿಸಿಬಿಡ್ತಾರೆ."

ನಾನು ಡಬ್ಬವನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡೆ.

ಅಬುಧಾಬಿಯಿಂದ ಟ್ಯಾಕ್ಸಿ. ಮುಸಫ್ಫಾ ಎಂದರೆ ವೆಲ್ಡಿಂಗ್ ಕಿಡಿ, ಲಾರಿ, ಧೂಳು. ಸಾಹೇಬರ ಆಫೀಸಿನಲ್ಲಿ ಮಾತ್ರ ಊದಿನ ಘಮ. ಧೂಪದ ಬಟ್ಟಲಿನಲ್ಲಿ ಎರಡು ಕೆಂಡ ಹೊಳೆಯುತ್ತಿದ್ದವು. ಎಪ್ಪತ್ತರ ಆಸುಪಾಸಿನ, ಬಿಳಿ ಗಡ್ಡದ ಮನುಷ್ಯ. ಮೇಜಿನ ಮೇಲೆ ಒಪ್ಪಂದದ ಹಾಳೆಗಳು, ಪಕ್ಕದಲ್ಲಿ ಕ್ಯಾಪ್ ತೆಗೆದ ಪೆನ್.

"ಸಾಹೇಬರೆ, ಒಂದು ಪ್ರಾಬ್ಲಂ ಆಗಿದೆ..." ಎಂದು ಚೇತನಾ ಶುರುಮಾಡಿದಳು.

"ಪ್ರಾಬ್ಲಂ ನಾನೇ," ಎಂದೆ. "ಇವಳ ಸ್ಯಾಂಪಲ್‌ನಲ್ಲಿ ಕರಿಬೇವು ನೆಟ್ಟೆ."

ಸಾಹೇಬರು ನನ್ನನ್ನು ನೋಡಿದರು, ಡಬ್ಬ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಅಮ್ಮಾ! ನಮ್ಮ ಮನೆಯವಳು ಸಹ ಹಾಗೇ. ಪ್ರತಿ ಸಲ ಭಟ್ಕಳದಿಂದ ಮಲ್ಲಿಗೆ ಬಳ್ಳಿ. ಬಾಲ್ಕನಿಯಲ್ಲಿ ನಮಗೆ ನಿಲ್ಲಲಿಕ್ಕೆ ಜಾಗ ಇಲ್ಲ ಮಾರಾಯ್ರೆ, ಹೂವು ಮಾತ್ರ ಮಾಫಿ, ಒಂದೂ ಇಲ್ಲ!" ಎಂದು ಕಣ್ಣೊರೆಸಿಕೊಂಡು, "ಆಯ್ತು, ಉಳಿದದ್ದು ಎಂತ ಉಂಟು, ತೋರಿಸಿ," ಎಂದರು.

ಚೇತನಾ ಚಿಮಟದಿಂದ ಒಂದು ಕೆಂಡವನ್ನು ಗಾಜಿನ ಆ್ಯಶ್‌ಟ್ರೇಗೆ ಹಾಕಿ, ಅದರ ಮೇಲೆ ಒಣ ಮಣ್ಣು ಸುರಿದಳು. ಜ್ವಾಲೆ ಏಳಲಿಲ್ಲ. ಸಣ್ಣಗೆ, ಸೋಮಾರಿಯಾಗಿ ಹೊಗೆ ಎದ್ದಿತು.

"ಇಷ್ಟೆಯಾ? ಇನ್ನು ಈ ಒದ್ದೆಯದ್ದು ಎಂತ ಮಾಡ್ತದೆ?" ಎಂದವರೇ ಸಾಹೇಬರು ನನ್ನನ್ನು ಒಂದು ಮಾತೂ ಕೇಳದೆ ಡಬ್ಬಕ್ಕೆ ಬೆರಳು ತೂರಿಸಿ, ಸಸಿಯ ಬುಡದಿಂದ ಒಂದು ಉಂಡೆ ಕಿತ್ತು, ಧೂಪದ ಬಟ್ಟಲಿನ ಇನ್ನೊಂದು ಕೆಂಡದ ಮೇಲಿಟ್ಟರು. ಚುಂಯ್ ಎಂದಿತು. ಕೆಂಡ ಆರಿಯೇಹೋಯಿತು.

ಆಮೇಲೆ ಸುಲೈಮಾನಿ ಚಹಾ ಬಂತು, ಖರ್ಜೂರ ಬಂತು. ಅರ್ಧ ಗಂಟೆ ಮೈಸೂರು, ಭಟ್ಕಳ, ಇಬ್ಬರ ಮಂಡಿನೋವಿನ ಮಾತಾಯಿತು. ಸಾಹೇಬರ ಕಣ್ಣು ಮಾತ್ರ ಆ್ಯಶ್‌ಟ್ರೇ ಮೇಲೆ. ಕೆಂಡ ಬೂದಿಯಾಗಿತ್ತು. ಮಣ್ಣು ಇನ್ನೂ ಹೊಗೆಯಾಡುತ್ತಿತ್ತು.

"ಇದು ಯಾವಾಗ ನಿಲ್ತದೆ, ಮೇಡಂ?"

"ಇಲ್ಲಿ ಒಂದು ಹಿಡಿ ಸಾಹೇಬರೆ, ಮುಗಿದಾಗ ನಿಲ್ಲುತ್ತೆ. ಅಲ್ಲಿ ಆಳಕ್ಕೆ ಕೋಲು ಇಳಿಸಿ ನೋಡಿದ್ದೆ. ತಳ ಸಿಗಲಿಲ್ಲ."

ಸಾಹೇಬರು ಪೆನ್ನಿಗೆ ಕ್ಯಾಪ್ ಹಾಕಿದರು. ಫೋನ್ ಎತ್ತಿ ಯಾರಿಗೋ, "ಓಲ್ಡ್ ಗಾರ್ಡನ್ ಓನ್ಲಿ. ನ್ಯೂ ಬ್ಲಾಕ್ ಖಲಾಸ್," ಎಂದರು. ಆ ಕಡೆಯಿಂದ ರೇಟಿನ ಮಾತು ಬಂದಿರಬೇಕು, ಐದು ನಿಮಿಷ ಜಗಳವಾಡಿದರು. ಚೇತನಾ ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದಳು. ನಾನು ಬಿಡಿಸಿಕೊಳ್ಳಲಿಲ್ಲ, ಬೆಳಿಗ್ಗೆಯಿಂದ ಅವಳು ನನ್ನನ್ನು ಮುಟ್ಟಿಯೇ ಇರಲಿಲ್ಲ.

ಟ್ಯಾಕ್ಸಿ ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಸಾಹೇಬರು ಆ್ಯಶ್‌ಟ್ರೇಯನ್ನು ತೋಳುದ್ದ ದೂರ ಹಿಡಿದುಕೊಂಡು ಉರಿಬಿಸಿಲಿಗೆ ಬಂದಿದ್ದರು. ಕುಡಿಯುವ ನೀರಿನ ಬಾಟಲಿ ಬಗ್ಗಿಸಿ ಸುರಿದರು, ಬಗ್ಗಿ ನೋಡಿದರು, ತಲೆಯಾಡಿಸಿ ಒಳಗಿನವರಿಗೆ ಇನ್ನೊಂದು ಬಾಟಲಿ ತರಲು ಕೂಗಿದರು.